ಹಾರ್ಟ್‌ವರ್ಮ್: ನಮ್ಮ ಭೋಲಾ ಯಾಕೆ ಕೆಮ್ಮುತ್ತಿದ್ದ?

ಇದು ಹೋದ ಭಾನುವಾರ ಹಾಕಿದ ವಿಡಿಯೋದ ಬರಹ ರೂಪ. ಆಫೀಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂರೋಕಾಗಲ್ಲ, ಬರೆದು ಹಾಕಿದರೆ ಮೀಟಿಂಗ್ ಮಧ್ಯೆ ಕದ್ದು ಓದ್ತೀವಿ ಅಂತ ಕೆಲವರು ಹೇಳಿದ್ದರಿಂದ ಇದನ್ನ ಶುರು ಮಾಡಿದ್ದು. ಮಾತಾಡುವಾಗ ಬಂದ "ಅಂದ್ರೆ", "ಆಕ್ಚುಲಿ"ಗಳನ್ನ ತೆಗೆದಿದ್ದೀನಿ. ವಿಡಿಯೋದಲ್ಲಿ ಸೊಳ್ಳೆ ಸಿರಿಂಜ್ ಥರ ಕೆಲಸ ಮಾಡುತ್ತೆ ಅಂತ ಒಂದು ತಪ್ಪು ಹೇಳಿದ್ದೆ. ಅದನ್ನೂ ಇಲ್ಲಿ ಸರಿಪಡಿಸಿದ್ದೀನಿ, ಮುಂದೆ ಬರುತ್ತೆ.

ಮೊದಲೇ ಹೇಳಿಬಿಡ್ತೀನಿ, ನಾನು ಪಶುವೈದ್ಯ ಅಲ್ಲ. ಎಂಟೆಕ್ ಮಾಡಿ ಹೈದರಾಬಾದಿನಲ್ಲಿ ಕೋಡ್ ಬರೆಯುವವನು. ಆದರೆ ಮನೆಯ ನಾಯಿಗೆ ಕಾಯಿಲೆ ಬಂದಾಗ ರಾತ್ರಿ ಎರಡು ಗಂಟೆವರೆಗೆ ಕೂತು ಓದಿದ್ದೀನಿ, ಡಾಕ್ಟರ ತಲೆ ತಿಂದಿದ್ದೀನಿ. ಹಾಗೆ ತಿಳಿದದ್ದನ್ನ ಹೇಳ್ತಿದ್ದೀನಿ. ಔಷಧಿ ಕೊಡೋದು ಬಿಡೋದು ನಿಮ್ಮ ಡಾಕ್ಟರ್ ಹೇಳಿದ ಹಾಗೆ.

ಭೋಲಾ ನಮ್ಮ ಮನೆಗೆ ಬಂದದ್ದು 2022ರ ಡಿಸೆಂಬರಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಗುವಾಹಟಿ ಕಡೆಯ ಒಬ್ಬರು ಇದ್ದರು. ಕೆನಡಾದಲ್ಲಿ ಕೆಲಸ ಸಿಕ್ಕಿತು, ನಾಯಿಯನ್ನ ಕರೆದುಕೊಂಡು ಹೋಗೋಕೆ ಆಗಲಿಲ್ಲ. ನಾಲ್ಕು ವರ್ಷದ ಬೀದಿ ತಳಿ, ಕಂದು ಬಣ್ಣ, ಒಂದು ಕಿವಿ ಅರ್ಧ ಮಡಚಿಕೊಂಡಿರುತ್ತೆ. ನಮ್ಮಮ್ಮನಿಗೆ ಶಿರಸಿಯಿಂದ ಫೋನಿನಲ್ಲಿ ಹೆಸರು ಸರಿಯಾಗಿ ಕೇಳಿಸದೆ, "ನಿಮ್ಮ ಬೋಳ ಊಟ ಮಾಡಿದ್ನಾ" ಅಂತಲೇ ಇವತ್ತಿಗೂ ವಿಚಾರಿಸುತ್ತಾರೆ. ಅವನ ಮೈತುಂಬ ಕೂದಲಿದೆ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

2023ರ ಮಾರ್ಚ್ ಹೊತ್ತಿಗೆ ಅವನು ಸ್ವಲ್ಪ ಕೆಮ್ಮೋಕೆ ಶುರು ಮಾಡಿದ. ಒಣ ಕೆಮ್ಮು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಎರಡು ಸಲ ಕ್ಯಾಕರಿಸಿ ಸುಮ್ಮನಾಗೋನು. ವಾಕಿಂಗ್‌ಗೆ ಹೋದರೆ ಅರ್ಧ ದಾರಿಗೆ ಕೂತುಬಿಡೋನು. ನಾನು ಏನಂದ್ಕೊಂಡೆ ಅಂದರೆ, ಫ್ಲಾಟಿನಲ್ಲಿ ಕೂತು ಕೂತು ನನ್ನ ಹಾಗೆ ಇವನಿಗೂ ಮೈಗಳ್ಳತನ ಬಂದಿದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ಬೈದು, ಬೆಲ್ಟ್ ಎಳೆದು ಓಡಿಸಿದೆ. ಎರಡು ಮೂರು ತಿಂಗಳು ಹೀಗೇ ಮಾಡಿದೆ. ಈ ಕಾಯಿಲೆಯಲ್ಲಿ ನಾಯಿಗೆ ಮಾಡಬಾರದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ, ನಾನು ಮಾಡಿದ್ದೇ ಅದು. ಯಾಕೆ ಅಂತ ಕೆಳಗೆ ಹೇಳ್ತೀನಿ.

ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಕೆಮ್ಮಿನ ಸಿರಪ್ ಕೊಟ್ಟರು. ಎರಡನೇ ಕಡೆ ಟಿಕ್ ಫೀವರ್ ಇರಬಹುದು ಅಂದರು, ರಕ್ತ ಪರೀಕ್ಷೆಯಲ್ಲಿ ಅದು ಬರಲಿಲ್ಲ. ಮೂರನೆಯದು ಸ್ವಲ್ಪ ದೊಡ್ಡ ಆಸ್ಪತ್ರೆ. ಅಲ್ಲಿನ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಬೇರೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: "ಈ ನಾಯಿ ಹುಟ್ಟಿ ಬೆಳೆದದ್ದು ಎಲ್ಲಿ?"

ಗುವಾಹಟಿ ಅಂದೆ.

ಅವರು ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಒಣಗಿಸದೆ ಹಾಗೇ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಂದೆರಡು ನಿಮಿಷ ಆದ ಮೇಲೆ ನನ್ನನ್ನ ಕರೆದು, ನೀವೇ ನೋಡಿ ಅಂದರು. ಕೆಂಪು ರಕ್ತಕಣಗಳು ತಿಳಿ ಹಳದಿ ಚುಕ್ಕಿಗಳ ಹಾಗೆ ಹರಡಿಕೊಂಡಿದ್ದವು. ಅದರ ನಡುವೆ ಒಂದು ಕೂದಲೆಳೆ ಮಿಡಿಯುತ್ತಿತ್ತು, ಅಕ್ಕಪಕ್ಕದ ಕಣಗಳನ್ನೆಲ್ಲ ಆಚೆ ಈಚೆ ತಳ್ಳುತ್ತಿತ್ತು. ಪಟ್ಟಿಯನ್ನ ಸ್ವಲ್ಪ ಸರಿಸಿದರು, ಇನ್ನೊಂದು. ಸರಿಸಿದರು, ಮತ್ತೊಂದು. ಮನೆಯಲ್ಲಿ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗುವ ಪ್ರಾಣಿಯ ರಕ್ತ ಅದು.

ಈಗ ವಿಷಯಕ್ಕೆ ಬರೋಣ. ಆ ಮಿಡಿಯುತ್ತಿದ್ದದ್ದು ಮರಿ. ಅದಕ್ಕೆ ಮೈಕ್ರೋಫೈಲೇರಿಯಾ ಅಂತಾರೆ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ, ದಪ್ಪ ಹೆಚ್ಚುಕಮ್ಮಿ ಒಂದು ರಕ್ತಕಣದಷ್ಟೇ. ಮರಿ ಇದೆ ಅಂದರೆ ಒಳಗೆಲ್ಲೋ ತಾಯಿ ಇರಬೇಕಲ್ಲ. ಆ ತಾಯಿ ಹುಳ ಇರೋದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ. ಹುಳಗಳು ಜಾಸ್ತಿ ಆದರೆ ಹೃದಯದ ಬಲಭಾಗದೊಳಗೂ ಬರುತ್ತವೆ. ಹೆಣ್ಣು ಹುಳ 25ರಿಂದ 30 ಸೆಂಟಿಮೀಟರ್ ಉದ್ದ. ನಿಮ್ಮ ಮೇಜಿನ ಮೇಲಿನ ಸ್ಕೇಲ್ ತೆಗೆದು ನೋಡಿ, ಅಷ್ಟು. ದಪ್ಪ ಮಾತ್ರ ಬೇಯಿಸಿದ ಶಾವಿಗೆ ಎಳೆಯ ಹಾಗೆ. ಇದರ ಶಾಸ್ತ್ರೀಯ ಹೆಸರು ಡೈರೋಫೈಲೇರಿಯಾ ಇಮಿಟಿಸ್. ಡೈರೋಫೈಲೇರಿಯಾ ಅನ್ನುವ ಲ್ಯಾಟಿನ್ ಪದಕ್ಕೆ 'ಭಯಂಕರ ದಾರ' ಅಂತ ಅರ್ಥ. ಹೆಸರಿಟ್ಟವನು ಇದನ್ನ ಕಣ್ಣಾರೆ ನೋಡಿರಬೇಕು.

ನಾಯಿಯೊಳಗೆ ದೊಡ್ಡ ಹುಳ ಐದರಿಂದ ಏಳು ವರ್ಷ ಬದುಕುತ್ತೆ. ಮರಿಗಳು ರಕ್ತದಲ್ಲಿ ಎರಡು ವರ್ಷದವರೆಗೂ ಸುತ್ತುತ್ತಿರಬಹುದು. ಆದರೆ ಆ ಮರಿಗಳು ಅದೇ ನಾಯಿಯೊಳಗೆ ಎಷ್ಟು ವರ್ಷ ಇದ್ದರೂ ದೊಡ್ಡವಾಗೋದಿಲ್ಲ. ಇದು ನನಗೆ ಬಹಳ ವಿಚಿತ್ರ ಅನ್ನಿಸಿದ ಸಂಗತಿ. ದೊಡ್ಡದಾಗಬೇಕಾದರೆ ಅದು ಒಂದು ಸಲ ಸೊಳ್ಳೆಯ ಹೊಟ್ಟೆ ಹೊಕ್ಕು ಬರಲೇಬೇಕು. ಸೊಳ್ಳೆಯೊಳಗೆ ಎರಡು ಸಲ ಪೊರೆ ಕಳಚಿ ಮೂರನೇ ಹಂತಕ್ಕೆ ಬಂದ ಮರಿಗೆ ಮಾತ್ರ ಇನ್ನೊಂದು ನಾಯಿಯೊಳಗೆ ಬೆಳೆಯುವ ಶಕ್ತಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ಸ್ಟೇಟ್ ಮಷೀನ್, ಮಧ್ಯದ ಸ್ಟೇಟ್ ಬಿಟ್ಟು ಮುಂದಿನದಕ್ಕೆ ಹಾರೋಕೆ ದಾರಿಯೇ ಇಲ್ಲ.

ಸೊಳ್ಳೆಯೊಳಗಿನ ಈ ಬೆಳವಣಿಗೆಗೆ ಸೆಖೆ ಬೇಕು. ವಾತಾವರಣ 27 ಡಿಗ್ರಿ ಆಸುಪಾಸು ಇದ್ದರೆ ಹತ್ತರಿಂದ ಹದಿನಾಲ್ಕು ದಿನ ಸಾಕು. 14 ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಂತುಬಿಡುತ್ತೆ. ದೆಹಲಿ, ಗುರ್‌ಗಾಂವ್ ಕಡೆ ಇರೋರಿಗೆ ಚಳಿಗಾಲದಲ್ಲಿ ಸ್ವಲ್ಪ ವಿರಾಮ ಸಿಗಬಹುದು. ಮುಂಬೈ, ಚೆನ್ನೈ, ಹೈದರಾಬಾದಿನವರಿಗೆ ಆ ಭಾಗ್ಯ ಇಲ್ಲ.

ಈಗ ನನ್ನ ತಪ್ಪು. ಸೊಳ್ಳೆ ಸಿರಿಂಜಿನ ಹಾಗೆ ಒಂದು ನಾಯಿಯ ರಕ್ತ ಹೀರಿ ಇನ್ನೊಂದಕ್ಕೆ ಚುಚ್ಚುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ದೆ. ಹಾಗಲ್ಲ. ಬೆಳೆದ ಮರಿ ಸೊಳ್ಳೆಯ ಮೂತಿಯ ಹೊರಕವಚದೊಳಗೆ ಬಂದು ಕಾಯ್ತಾ ಇರುತ್ತೆ. ಸೊಳ್ಳೆ ಕಚ್ಚುವಾಗ ಆ ಕವಚ ಬಾಗುತ್ತೆ, ಅದು ಒಡೆದು ಮರಿಗಳು ಒಂದು ಸಣ್ಣ ಹನಿ ದ್ರವದ ಜೊತೆ ಚರ್ಮದ ಮೇಲೆ ಬೀಳುತ್ತವೆ. ಸೊಳ್ಳೆ ಹಾರಿಹೋದ ಮೇಲೆ, ಕಚ್ಚಿದ ತೂತಿನೊಳಗೆ ತಾವೇ ತೆವಳಿಕೊಂಡು ಹೋಗುತ್ತವೆ. ಸೊಳ್ಳೆ ಬಾಗಿಲು ತೆಗೆದುಕೊಡುತ್ತೆ ಅಷ್ಟೆ, ಒಳಗೆ ನಡೆದುಕೊಂಡು ಹೋಗೋದು ಹುಳವೇ.

ಇದನ್ನ ಕಂಡುಹಿಡಿದ ಕಥೆಗೆ ನಾನಿರುವ ಊರಿನ ನಂಟೂ ಇದೆ, ನಮ್ಮ ಬೆಂಗಳೂರಿನ ನಂಟೂ ಇದೆ. 1872ರಲ್ಲಿ ಕಲ್ಕತ್ತಾದಲ್ಲಿ ತಿಮೋತಿ ಲೂಯಿಸ್ ಅನ್ನುವ ವೈದ್ಯ ಮನುಷ್ಯರ ರಕ್ತದಲ್ಲಿ ಇಂಥ ಮರಿಗಳನ್ನ ನೋಡಿದ. ಅದು ಆನೆಕಾಲು ರೋಗದ ಹುಳದ ಮರಿ. ಹಾರ್ಟ್‌ವರ್ಮ್‌ಗೆ ದಾಯಾದಿ. ಐದು ವರ್ಷದ ನಂತರ ಚೀನಾದ ಅಮೋಯ್ ಅನ್ನುವ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆ ಮರಿಗಳು ಸೊಳ್ಳೆಯೊಳಗೆ ಬೆಳೆಯೋದನ್ನ ಕಂಡ. ರೋಗದ ಜೀವಿಯೊಂದು ಕೀಟದೊಳಗೆ ಬೆಳೆಯುತ್ತೆ ಅನ್ನೋದು ಆಗ ಹೊಸ ಮಾತು. ಆದರೆ ಮ್ಯಾನ್ಸನ್ ಒಂದು ಹೆಜ್ಜೆ ತಪ್ಪಿದ. ಸೊಳ್ಳೆ ನೀರಲ್ಲಿ ಬಿದ್ದು ಸತ್ತು, ಆ ನೀರು ಕುಡಿದವರಿಗೆ ರೋಗ ಬರುತ್ತೆ ಅಂದ್ಕೊಂಡ. (ನನ್ನ ಸಿರಿಂಜಿಗಿಂತ ದೊಡ್ಡ ತಪ್ಪು ಅಂತ ಸಮಾಧಾನ ಮಾಡಿಕೊಂಡಿದ್ದೀನಿ.)

ಇದೇ ಮ್ಯಾನ್ಸನ್ ಮುಂದೆ ರೊನಾಲ್ಡ್ ರಾಸ್‌ಗೆ ಮಲೇರಿಯಾವನ್ನೂ ಸೊಳ್ಳೆಯಲ್ಲೇ ಹುಡುಕು ಅಂತ ಬೆನ್ನು ಹತ್ತಿದ. ರಾಸ್ 1883ರ ಸುಮಾರಿಗೆ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದಾಗಲೇ, ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಮ್ಮಿ ಆಗುತ್ತೆ ಅಂತ ಗಮನಿಸಿದ್ದ. ಆಮೇಲೆ 1897ರ ಆಗಸ್ಟ್ 20ರಂದು ಇಲ್ಲೇ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನ ಕಂಡ. ಆ ಕಟ್ಟಡ ಬೇಗಂಪೇಟೆಯಲ್ಲಿ ಈಗಲೂ ಇದೆ. ಮಲೇರಿಯಾ ಅಂದರೆ ರಾಸ್ ಹೆಸರು ಎಲ್ಲರಿಗೂ ಗೊತ್ತು, ಅದಕ್ಕೆ ದಾರಿ ತೋರಿಸಿದ್ದು ಈ ದಾರದಂಥ ಹುಳ ಅಂತ ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಕಚ್ಚುವ ಮೂತಿಯಿಂದಲೇ ಹುಳ ದಾಟುತ್ತೆ ಅನ್ನೋದು ಗಟ್ಟಿಯಾದದ್ದು 1900ರಲ್ಲಿ. ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ನೋಯೆ ನಾಯಿಯ ಹುಳದ ಮೇಲೆಯೇ ಇದನ್ನ ತೋರಿಸಿದರು. ಗ್ರಾಸ್ಸಿಗೂ ರಾಸ್‌ಗೂ ಮಲೇರಿಯಾ ಯಾರು ಮೊದಲು ಕಂಡದ್ದು ಅಂತ ಜಗಳ, ಅದು ಇನ್ನೊಂದು ವಿಡಿಯೋಗೆ ಆಗುವಷ್ಟಿದೆ.

ಸರಿ, ಮರಿ ನಾಯಿಯೊಳಗೆ ಹೋಯಿತು. ಮುಂದೇನು? ಮೊದಲ ಎರಡು ತಿಂಗಳು ಚರ್ಮದ ಕೆಳಗೆ, ಮಾಂಸಖಂಡದಲ್ಲಿ ಇರುತ್ತೆ. ಅಲ್ಲಿ ಇನ್ನೂ ಎರಡು ಸಲ ಪೊರೆ ಕಳಚುತ್ತೆ. ಆಮೇಲೆ ರಕ್ತನಾಳ ಸೇರಿ ಶ್ವಾಸಕೋಶದ ಕಡೆ ಹೋಗುತ್ತೆ. ಕಚ್ಚಿದ ದಿನದಿಂದ ಆರೇಳು ತಿಂಗಳಿಗೆ ಹೆಣ್ಣು ಹುಳ ಮರಿ ಹಾಕೋಕೆ ಶುರು ಮಾಡುತ್ತೆ. ಇಷ್ಟೂ ಕಾಲ ಹೊರಗೆ ಯಾವ ಲಕ್ಷಣವೂ ಕಾಣಲ್ಲ. ಪರೀಕ್ಷೆ ಮಾಡಿದರೂ ಸಿಗಲ್ಲ. ಅದಕ್ಕೇ ಹೊಸದಾಗಿ ತಂದ ನಾಯಿಗೆ ಒಂದು ಸಲ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತು ಅಂತ ಬಿಡಬೇಡಿ. ಆರು ತಿಂಗಳು ಬಿಟ್ಟು ಮತ್ತೊಂದು ಸಲ ಮಾಡಿಸಬೇಕು.

ಹುಳ ರಕ್ತನಾಳದಲ್ಲಿ ಕೂತು ಮಾಡುವ ಹಾನಿ ಪೈಪ್ ಕಟ್ಟಿಕೊಂಡ ಹಾಗೆ ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಡಾಕ್ಟರು ತಿದ್ದಿದರು. ಹುಳ ಉಜ್ಜಿ ಉಜ್ಜಿ ನಾಳದ ಒಳಗೋಡೆ ಒರಟಾಗುತ್ತೆ, ದಪ್ಪ ಆಗುತ್ತೆ, ಬಿಗಿಯಾಗುತ್ತೆ. ಆ ಬಿಗಿ ನಾಳಕ್ಕೆ ರಕ್ತ ತಳ್ಳೋಕೆ ಹೃದಯದ ಬಲಭಾಗ ಜಾಸ್ತಿ ಕೆಲಸ ಮಾಡಬೇಕು. ತಿಂಗಳುಗಟ್ಟಲೆ ಹಾಗೆ ಮಾಡಿ ಮಾಡಿ ಅದು ಹಿಗ್ಗಿ ಸೋಲುತ್ತೆ. ಮೊದಲು ಕೆಮ್ಮು, ಆಮೇಲೆ ಸುಸ್ತು, ತೂಕ ಇಳಿಯೋದು, ಓಡಿದಾಗ ತಲೆ ಸುತ್ತಿ ಬೀಳೋದು, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬೋದು. ಇದರಲ್ಲಿ ಸತ್ತ ಹುಳ ಇನ್ನೂ ಅಪಾಯ. ಸತ್ತ ಮೇಲೆ ಅದು ತುಂಡಾಗಿ ರಕ್ತದ ಜೊತೆ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ನಾಯಿ ಓಡಿದಷ್ಟೂ ಅಲ್ಲಿ ರಕ್ತದ ಹರಿವು ಜಾಸ್ತಿ, ಪೆಟ್ಟೂ ಜಾಸ್ತಿ. ನಾನು ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಓಡಿಸುತ್ತಿದ್ದೆ ಅಂದೆನಲ್ಲ. ಅವನು ಕೂತದ್ದು ಸೋಮಾರಿತನಕ್ಕಲ್ಲ, ಅವನಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಆದರೂ ನಾನು ಎಳೆದಾಗೆಲ್ಲ ಎದ್ದು ಬರುತ್ತಿದ್ದ.

ಎಕೋ ಮಾಡಿಸಿದಾಗ ಪರದೆಯ ಮೇಲೆ ಎರಡು ಸಣ್ಣ ಬಿಳಿ ಗೆರೆ, ಒಂದರ ಪಕ್ಕ ಒಂದು, ಕಾಣಿಸುತ್ತಿದ್ದವು. ಹುಳದ ಮೈಯ ಎರಡು ಅಂಚುಗಳು ಅವು. ಗಣಿತದ ಸಮ ಚಿಹ್ನೆಯ ಹಾಗೆ. ಕಣ್ಣು ಮುಚ್ಚಿದರೆ ಎಷ್ಟೋ ದಿನ ಅದೇ ಕಾಣ್ತಿತ್ತು, ಕೋಡಿನಲ್ಲಿ ಸಮ ಚಿಹ್ನೆ ಬಂದಾಗಲೂ.

ಆ ರಾತ್ರಿ ಕೆನಡಾಕ್ಕೆ ಫೋನ್ ಮಾಡಿದೆ. "ಮೂರು ತಿಂಗಳಿಗೊಮ್ಮೆ ಡೀವರ್ಮಿಂಗ್ ಮಾಡಿಸ್ತಿದ್ದೆನಲ್ಲ" ಅಂದರು ಪಾಪ. ಅವರನ್ನ ದೂರೋ ಹಾಗಿಲ್ಲ, ನಾನೂ ಅದನ್ನೇ ಮಾಡ್ತಿದ್ದೆ. ಇಲ್ಲಿ ಬಹಳ ಜನ ಎಡವುತ್ತೀವಿ. ನಾವು ಸಾಮಾನ್ಯವಾಗಿ ಹಾಕುವ ಜಂತುಹುಳದ ಮಾತ್ರೆ ಕರುಳಿನ ಹುಳಕ್ಕೆ. ಪೈರಾಂಟೆಲ್, ಪ್ರಾಜಿಕ್ವಾಂಟೆಲ್ ಅಂತ ಪಟ್ಟಿಯ ಹಿಂದೆ ಬರೆದಿರುತ್ತೆ ನೋಡಿ. ಅವು ಹೃದಯದ ಹುಳವನ್ನ ಮುಟ್ಟೋದೂ ಇಲ್ಲ. ಅದಕ್ಕೆ ಬೇರೆ ಜಾತಿಯ ಔಷಧಿ ಬೇಕು, ತಿಂಗಳಿಗೊಮ್ಮೆ ಬೇಕು.

ಆ ಬೇರೆ ಜಾತಿಯ ಔಷಧಿಯಲ್ಲಿ ಮೊದಲು ಬಂದದ್ದು ಐವರ್‌ಮೆಕ್ಟಿನ್. ಹೆಸರು ಕೇಳಿದ ಹಾಗಿದೆಯಾ? 2021ರಲ್ಲಿ ಕೋವಿಡ್ ಅಂತ ಎಷ್ಟೋ ಮನೆಗಳಲ್ಲಿ ತಂದಿಟ್ಟುಕೊಂಡಿದ್ದ ಮಾತ್ರೆ. ಜಪಾನಿನ ಕವಾನಾ ಅನ್ನುವ ಕಡೆ ಗಾಲ್ಫ್ ಮೈದಾನದ ಹತ್ತಿರ ತೆಗೆದ ಮಣ್ಣಿನಲ್ಲಿ ಸತೋಶಿ ಒಮುರಾ ಅವರಿಗೆ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ಬಂದ ರಾಸಾಯನಿಕವನ್ನ ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತಂಡ ಔಷಧಿ ಮಾಡಿತು. 1987ರಲ್ಲಿ ಅದು ಅಮೆರಿಕದಲ್ಲಿ ನಾಯಿಗಳಿಗೆ ತಿಂಗಳಿಗೊಂದು ಮಾತ್ರೆಯಾಗಿ ಬಂತು. ಅದೇ ವರ್ಷ ಆಫ್ರಿಕಾದಲ್ಲಿ ಜನರ ಕಣ್ಣು ತೆಗೆಯುತ್ತಿದ್ದ ಇನ್ನೊಂದು ದಾಯಾದಿ ಹುಳಕ್ಕೆ ಅದನ್ನ ಪುಕ್ಕಟೆ ಕೊಡ್ತೀವಿ ಅಂತ ಕಂಪನಿ ಘೋಷಿಸಿತು. 2015ರಲ್ಲಿ ಇಬ್ಬರಿಗೂ ನೊಬೆಲ್. ನಮ್ಮ ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗಕ್ಕೆ ಅಂತ ಮನೆಮನೆಗೆ ಬಂದು ಮಾತ್ರೆ ನುಂಗಿಸ್ತಾರಲ್ಲ, ಅದರಲ್ಲಿ ಡಿಇಸಿ ಅಂತ ಒಂದಿರುತ್ತೆ. ಅದನ್ನ ಕಂಡುಹಿಡಿದದ್ದು ಅಮೆರಿಕದಲ್ಲಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಸುಬ್ಬರಾವ್ ಭೀಮಾವರಂನವರು ಅಂತ ನಮ್ಮ ಟೀಮಿನ ತೆಲುಗು ಹುಡುಗರಿಗೆ ಬಹಳ ಹೆಮ್ಮೆ.

ನಮ್ಮ ಮನೆಯ ಡಬ್ಬಿಯಲ್ಲೂ 12 ಮಿಲಿಗ್ರಾಂನ ಐವರ್‌ಮೆಕ್ಟಿನ್ ಮಾತ್ರೆ ಉಳಿದಿತ್ತು. ಪ್ರಾಣಿಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಒಂದು ಕೊಟ್ಟುಬಿಡಿ, ಎಲ್ಲಾ ಹುಳ ಸಾಯುತ್ತೆ" ಅಂತ ಬರೆದರು. ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟೂ ಆಗಿತ್ತು. ನನ್ನ ಹೆಂಡತಿ ಬಂದು "ಡೋಸ್ ಎಷ್ಟು ಅಂತ ನೋಡಿದ್ರಾ?" ಅಂದಳು. ಕೂತು ಲೆಕ್ಕ ಹಾಕಿದೆವು. ಹಾರ್ಟ್‌ವರ್ಮ್ ಬರದ ಹಾಗೆ ತಡೆಯುವ ಪ್ರಮಾಣ ಒಂದು ಕೆಜಿಗೆ 6 ಮೈಕ್ರೋಗ್ರಾಂ. ಭೋಲಾ 20 ಕೆಜಿ. ಅಂದರೆ 120 ಮೈಕ್ರೋಗ್ರಾಂ, ಮಿಲಿಗ್ರಾಂನಲ್ಲಿ 0.12. ನನ್ನ ಕೈಯಲ್ಲಿದ್ದದ್ದು 12. ನೂರು ಪಟ್ಟು! ಡೆಸಿಮಲ್ ಎರಡು ಸ್ಥಾನ ಸರಿದರೆ ಪ್ರೊಡಕ್ಷನ್ನಿನಲ್ಲಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಲ್ಲ.

ಇದರ ಮೇಲೆ ಇನ್ನೂ ಎರಡು ಸಂಗತಿ. ಕಾಲಿ ಥರದ ಕೆಲವು ತಳಿಗಳಲ್ಲಿ ಒಂದು ಜೀನಿನ ದೋಷದಿಂದ ಈ ಔಷಧಿ ಮಿದುಳಿನೊಳಗೆ ನುಗ್ಗಿಬಿಡುತ್ತೆ. ಅವಕ್ಕೆ ಕೆಜಿಗೆ 100 ಮೈಕ್ರೋಗ್ರಾಂ ಆಸುಪಾಸಿನಲ್ಲೇ ವಿಷ ಏರಬಹುದು. ಎರಡನೆಯದು, ರಕ್ತದ ತುಂಬ ಮರಿ ಇರುವ ನಾಯಿಗೆ ಮರಿಗಳನ್ನ ಒಂದೇ ಸಲ ಕೊಲ್ಲುವ ಔಷಧಿ ಕೊಟ್ಟರೆ, ಸತ್ತ ಮರಿಗಳಿಂದಲೇ ಮೈ ಆಘಾತಕ್ಕೆ ಹೋಗಿ ನಾಯಿ ಸಾಯಬಹುದು. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಔಷಧಿ. ಆ ಬಾಳೆಹಣ್ಣನ್ನ ಕಸಕ್ಕೆ ಹಾಕಿದೆವು.

ಪರೀಕ್ಷೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ನಾಯಿಯ ರಕ್ತದಲ್ಲಿ ಮರಿ ಕಂಡರೆ ಅದು ಹಾರ್ಟ್‌ವರ್ಮ್ ಅಂತಲೇ ಆಗಬೇಕಿಲ್ಲ. ನಮ್ಮ ದೇಶದಲ್ಲಿ ಇಮಿಟಿಸ್ ಹೆಚ್ಚಾಗಿ ವರದಿಯಾಗಿರೋದು ಅಸ್ಸಾಂ, ಮಿಜೋರಾಂ ಥರದ ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ, ಅದರಲ್ಲೂ ಕೇರಳದಲ್ಲಿ, ಸಾಮಾನ್ಯವಾಗಿ ಸಿಗೋದು ಇದರ ತಮ್ಮ, ಡೈರೋಫೈಲೇರಿಯಾ ರೆಪೆನ್ಸ್. ಅದು ಹೃದಯಕ್ಕೆ ಹೋಗಲ್ಲ, ಚರ್ಮದ ಕೆಳಗೇ ಇರುತ್ತೆ. ನಾಯಿಗೆ ಕೆರೆತ, ಗಂಟು ಅಷ್ಟೆ, ಎಷ್ಟೋ ಸಲ ಅದೂ ಇಲ್ಲ. ಇನ್ನೊಂದು ಇದೆ, ಚಿಗಟ ಮತ್ತು ಹೇನಿನಿಂದ ಹರಡುವ ಅಕ್ಯಾಂಥೋಕೀಲೋನೀಮಾ ರೆಕಾಂಡಿಟಮ್. (ಈ ಹೆಸರು ವಿಡಿಯೋದಲ್ಲಿ ಹೇಳೋಕೆ ನಾಲ್ಕು ಟೇಕ್ ಆಯಿತು.) ಅದರಿಂದ ನಾಯಿಗೆ ಹೇಳಿಕೊಳ್ಳುವ ತೊಂದರೆ ಇಲ್ಲ. ಹಸಿ ರಕ್ತದ ಹನಿಯಲ್ಲಿ ಅನುಭವಸ್ಥರು ಚಲನೆ ನೋಡಿಯೇ ಅಂದಾಜು ಮಾಡ್ತಾರೆ. ಹಾರ್ಟ್‌ವರ್ಮ್ ಮರಿ ಇದ್ದಲ್ಲೇ ಹೊರಳಾಡುತ್ತೆ, ರೆಕಾಂಡಿಟಮ್ ಮರಿ ಸರಸರನೆ ಪಟ್ಟಿಯ ಆಚೆಗೆ ಹೋಗುತ್ತೆ. ಅಂದಾಜು ಅಂದಾಜೇ. ಗಟ್ಟಿ ಮಾಡಿಕೊಳ್ಳೋಕೆ ಆಂಟಿಜನ್ ಟೆಸ್ಟ್ ಅಂತ ಇದೆ. ದೊಡ್ಡ ಹೆಣ್ಣು ಹುಳ ರಕ್ತಕ್ಕೆ ಬಿಡುವ ಪ್ರೋಟೀನನ್ನ ಹಿಡಿಯುವ ಕಿಟ್ ಅದು, ಕೋವಿಡ್ ಕಿಟ್ಟಿನ ಹಾಗೇ ಗೆರೆ ಬರುತ್ತೆ.

ಎರಡೂ ಮಾಡಿಸಿ ಅಂತಾರೆ, ಅದಕ್ಕೆ ಕಾರಣ ಇದೆ. ಹುಳ ಇದ್ದೂ ರಕ್ತದಲ್ಲಿ ಮರಿ ಕಾಣದ ನಾಯಿಗಳು ಬಹಳ ಇವೆ. ಬರೀ ಗಂಡು ಹುಳವೋ ಬರೀ ಹೆಣ್ಣೋ ಇದ್ದರೆ ಮರಿ ಎಲ್ಲಿಂದ ಬರಬೇಕು? ಹಾಗೇ ಬರೀ ಗಂಡು ಹುಳ ಇದ್ದರೆ ಆಂಟಿಜನ್ ಟೆಸ್ಟಿಗೂ ಸಿಗಲ್ಲ.

ಭೋಲಾನಿಗೆ ಎರಡೂ ಪಾಸಿಟಿವ್. ದೊಡ್ಡ ಹುಳ ಕೊಲ್ಲೋಕೆ ಮೆಲಾರ್ಸೊಮಿನ್ ಅಂತ ಒಂದು ಇಂಜೆಕ್ಷನ್ ಇದೆ, ಪಾಷಾಣ, ಅಂದರೆ ಆರ್ಸೆನಿಕ್ ಇರುವ ಔಷಧಿ. ಬೆನ್ನಿನ ಮಾಂಸಖಂಡದೊಳಗೆ ಆಳವಾಗಿ ಕೊಡಬೇಕು. ಮೊದಲು ಒಂದು, ತಿಂಗಳು ಬಿಟ್ಟು ದಿನಕ್ಕೊಂದರಂತೆ ಎರಡು. ಅಮೆರಿಕದಲ್ಲಿ ಅದೇ ಮೊದಲ ಆಯ್ಕೆ. ಅದನ್ನ ಇಲ್ಲಿ ತರಿಸೋದು ಕಷ್ಟ ಅಂದರು ನಮ್ಮ ಡಾಕ್ಟರು. ಹಾಗಾಗಿ ನಿಧಾನದ ದಾರಿ ಹಿಡಿದೆವು: 28 ದಿನ ಡಾಕ್ಸಿಸೈಕ್ಲಿನ್, ಜೊತೆಗೆ ತಿಂಗಳಿಗೊಮ್ಮೆ ಕತ್ತಿನ ಹಿಂದೆ ಚರ್ಮಕ್ಕೆ ಹಾಕುವ ಮಾಕ್ಸಿಡೆಕ್ಟಿನ್ ಹನಿ. ಮೊದಲ ಸಲ ಹನಿ ಹಾಕಿದಾಗ ಆಘಾತದ ಭಯಕ್ಕೆ ಇಡೀ ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಈ ದಾರಿಗೆ ವರ್ಷ, ಕೆಲವೊಮ್ಮೆ ಜಾಸ್ತಿ ಬೇಕು, ಅಷ್ಟೂ ದಿನ ಹುಳ ಒಳಗೆ ಹಾನಿ ಮಾಡ್ತಾನೇ ಇರುತ್ತೆ. ಇಂಜೆಕ್ಷನ್ ಸಿಗುವ ಕಡೆ ಇರೋರು ಅದನ್ನೇ ಕೇಳಿ.

ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿ, ಹುಳಕ್ಕೆ ಯಾಕೆ ಅಂತ ನಾನೂ ಕೇಳಿದೆ. ಈ ಹುಳದ ಜೀವಕೋಶಗಳ ಒಳಗೆ ವೋಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಸಂಸಾರ ಮಾಡಿಕೊಂಡಿರುತ್ತೆ. ಅದಿಲ್ಲದೆ ಹುಳಕ್ಕೆ ಬದುಕು ಕಷ್ಟ, ಹೆಣ್ಣು ಹುಳ ಮರಿ ಹಾಕೋದು ನಿಲ್ಲಿಸುತ್ತೆ. ಬಾಡಿಗೆದಾರನನ್ನ ಓಡಿಸಿದರೆ ಮನೆ ಮಾಲೀಕ ಸೊರಗುವ ಹಾಗೆ. ಇದಕ್ಕೊಂದು ಲಾಭವೂ ಇದೆ, ಅದು ನನ್ನ ಮಾನ ಉಳಿಸಿತು.

ಏನಾಯಿತು ಅಂದರೆ, ಸುದ್ದಿ ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಹೋಯಿತು. "ಹುಳ ಇರುವ ನಾಯಿ ಲಿಫ್ಟಿನಲ್ಲಿ ಬರ್ತಿದೆ, ಮಕ್ಕಳಿದ್ದಾರೆ, ಬೇರೆ ಕಡೆ ಬಿಟ್ಟು ಬನ್ನಿ." ನಮ್ಮ ಮನೆಯಲ್ಲೂ ಎರಡು ವರ್ಷದ ಮಗಳಿದ್ದಾಳೆ, ಅವರ ಹೆದರಿಕೆ ನನಗೆ ಅರ್ಥ ಆಗುತ್ತೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಇದು ನೆಕ್ಕಿದರೆ ಬರಲ್ಲ, ಕಚ್ಚಿದರೆ ಬರಲ್ಲ, ಕಕ್ಕಸಿನಿಂದ ಬರಲ್ಲ. ಸೊಳ್ಳೆ ಕಚ್ಚಬೇಕು, ಅದು ಹತ್ತು ಹದಿನಾಲ್ಕು ದಿನ ಬದುಕಬೇಕು, ಆಮೇಲೆ ಇನ್ನೊಬ್ಬರನ್ನ ಕಚ್ಚಬೇಕು. ಡಾಕ್ಸಿಸೈಕ್ಲಿನ್ ಪೂರ್ತಿ ಮುಗಿಸಿದ ನಾಯಿಯ ರಕ್ತದಲ್ಲಿ ಮರಿ ಉಳಿದಿದ್ದರೂ ಅದು ಇನ್ನೊಂದು ನಾಯಿಗೆ ಹತ್ತುವ ಶಕ್ತಿ ಕಳೆದುಕೊಂಡಿರುತ್ತೆ. ಅಲ್ಲಿವರೆಗೆ ಸಂಜೆಯ ಮೇಲೆ ಅವನನ್ನ ಕೆಳಗೆ ತರಲ್ಲ, ಬಾಲ್ಕನಿಗೆ ಜಾಲರಿ ಹಾಕಿಸ್ತೀನಿ ಅಂತ ಒಪ್ಪಿಕೊಂಡೆ. ಒಬ್ಬರು ಅಜ್ಜ ಎದ್ದು, ಮೊದಲು ಆ ಬೇಸ್‌ಮೆಂಟಿನ ನೀರು ತೆಗೆಸ್ರಪ್ಪಾ ಅಂದರು ತೆಲುಗಿನಲ್ಲಿ. ಎರಡು ತಿಂಗಳಿಂದ ಪಂಪ್ ಕೆಟ್ಟು ಅಲ್ಲಿ ನೀರು ನಿಂತಿತ್ತು. ಮರುದಿನವೇ ರಿಪೇರಿ ಆಯಿತು.

ಮನುಷ್ಯರಿಗೆ ಬರೋದೇ ಇಲ್ಲ ಅಂತಲ್ಲ. ನಮ್ಮ ಮೈ ಈ ಹುಳಕ್ಕೆ ತಪ್ಪು ವಿಳಾಸ. ಒಂದೆರಡು ಮರಿ ಹೊಕ್ಕರೂ ಸಾಮಾನ್ಯವಾಗಿ ಸಾಯುತ್ತವೆ. ರೆಪೆನ್ಸ್ ಮಾತ್ರ ಕೆಲವೊಮ್ಮೆ ಉಳಿದುಕೊಂಡು ಚರ್ಮದ ಕೆಳಗೆ ಗಂಟಾಗಿಯೋ, ಕಣ್ಣಿನ ಬಿಳಿಭಾಗದ ಪೊರೆಯ ಕೆಳಗೆ ಹರಿದಾಡುವ ಎಳೆಯಾಗಿಯೋ ಕಾಣಿಸಿಕೊಳ್ಳುತ್ತೆ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಕಣ್ಣಿನ ಡಾಕ್ಟರುಗಳು ಇಂಥದ್ದನ್ನ ತೆಗೆದ ವರದಿಗಳಿವೆ. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಹುಳ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ರಜೆಗೆ ಊರಿಗೆ ಹೋದಾಗ ಯಾರಿಗಾದರೂ ಕಣ್ಣಲ್ಲಿ ದಾರ ಓಡಾಡಿದ ಹಾಗೆ ಆದರೆ ಎಣ್ಣೆ, ಹಾಲು ಬಿಡೋಕೆ ಹೋಗಬೇಡಿ, ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ತಡೆಯೋದರ ಬಗ್ಗೆ. ತಿಂಗಳ ಮಾತ್ರೆಯೋ ಹನಿಯೋ ಹಾಕಿದರೆ ಮುಂದಿನ ಮೂವತ್ತು ದಿನ ರಕ್ಷಣೆ ಅಂತ ನಾವು ಅಂದ್ಕೊಳ್ತೀವಿ. ಹೆಚ್ಚಿನ ಮಾತ್ರೆಗಳು ಕೆಲಸ ಮಾಡೋದು ಹಿಂದಕ್ಕೆ. ಕಳೆದ ಒಂದು ತಿಂಗಳಲ್ಲಿ ಚರ್ಮದ ಕೆಳಗೆ ಸೇರಿದ ಎಳೆ ಮರಿಗಳನ್ನ ಅವತ್ತು ಗುಡಿಸಿ ಹಾಕುತ್ತೆ. ಸರ್ವರಿನಲ್ಲಿ ನಾವು ಇಡುವ ಕ್ರಾನ್ ಜಾಬ್ ಇದ್ದ ಹಾಗೆ. ಒಂದು ವಾರ ತಡವಾದರೆ ಪರವಾಗಿಲ್ಲ. ಆದರೆ ಎರಡು ತಿಂಗಳು ತಪ್ಪಿಸಿದರೆ ಮರಿಗಳು ಕೊನೆಯ ಪೊರೆ ಕಳಚಿ ದೊಡ್ಡ ಹುಳದ ರೂಪಕ್ಕೆ ಬಂದಿರುತ್ತವೆ, ಆಗ ಅದೇ ಮಾತ್ರೆಗೆ ಜಗ್ಗಲ್ಲ. ದೀಪಾವಳಿಗೆ ಊರಿಗೆ ಹೋದಾಗ ಒಂದು ತಪ್ಪಿತು, ರಿಲೀಸ್ ಇದ್ದ ತಿಂಗಳು ಇನ್ನೊಂದು ತಪ್ಪಿತು ಅಂತ ಆಗೋದು ಹೀಗೇ. ಹಾಗೆ ತಪ್ಪಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಆರೇಳು ತಿಂಗಳ ನಂತರದ ಒಂದು ಟೆಸ್ಟ್ ಈಗಲೇ ಕ್ಯಾಲೆಂಡರಿಗೆ ಹಾಕಿ.

ನಾವೆಲ್ಲ ಊರಿಂದ ಊರಿಗೆ ಕೆಲಸ ಬದಲಿಸಿಕೊಂಡು ಓಡಾಡುವವರು, ನಾಯಿಗಳೂ ನಮ್ಮ ಜೊತೆ ಓಡಾಡುತ್ತವೆ. ಯಾರಿಂದಲಾದರೂ ನಾಯಿ ತಗೊಳ್ಳುವಾಗ ಲಸಿಕೆ ಪುಸ್ತಕದ ಜೊತೆ ಅದು ಎಲ್ಲೆಲ್ಲಿ ಇತ್ತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಭೋಲಾನ ಪುಸ್ತಕದ ಮೊದಲ ಪುಟದಲ್ಲಿ ಗುವಾಹಟಿ ಅಂತ ದೊಡ್ಡದಾಗಿಯೇ ಬರೆದಿತ್ತು. ಮೂರು ಕಡೆ ತೋರಿಸುವಾಗಲೂ ಅದು ನನ್ನ ಬ್ಯಾಗಿನಲ್ಲೇ ಇತ್ತು, ನಾನು ತೆಗೆದು ತೋರಿಸಲಿಲ್ಲ.

ಅವನು ಹೇಗಿದ್ದಾನೆ ಅಂತ ವಿಡಿಯೋ ಕೆಳಗೆ ಬಹಳ ಜನ ಕೇಳಿದ್ದೀರಿ. ಆರು ತಿಂಗಳಿಗೆ ರಕ್ತದಲ್ಲಿ ಮರಿ ಇರಲಿಲ್ಲ. ಒಂದು ವರ್ಷಕ್ಕೆ ಆಂಟಿಜನ್ ಗೆರೆ ತೀರಾ ತೆಳುವಾಗಿ ಬಂದಿತ್ತು, ಹದಿನೈದನೇ ತಿಂಗಳಿಗೆ ಬರಲಿಲ್ಲ. ನಾಳಕ್ಕಾದ ಗಾಯದಲ್ಲಿ ಸ್ವಲ್ಪ ಹಾಗೇ ಉಳಿಯುತ್ತೆ ಅಂದಿದ್ದಾರೆ, ಚಳಿಯಲ್ಲಿ ಈಗಲೂ ಕೆಮ್ಮುತ್ತಾನೆ. ವಾಕಿಂಗಿನಲ್ಲಿ ಅವನು ಕೂತರೆ ನಾನೂ ಪಕ್ಕದಲ್ಲಿ ಫುಟ್‌ಪಾತಿನ ಮೇಲೆ ಕೂರ್ತೀನಿ. ಅವನಾಗೇ ಎದ್ದ ಮೇಲೆ ಹೊರಡ್ತೀವಿ.